ಬೃಹನ್ಮಸೂರ ನೌಕಾಯಾನ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಮುಂದಡಿಯಿಡಲಾಗದೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದುದರಿಂದ, ನಾವೂ ಅದನ್ನು ಮೀರದೆ ನಿವೇದಿಸುವುದೇನೆಂದರೆ: ಈ ಪ್ರಬಂಧದ ವಿಷಯವು ಮೊಣಕಾಲುದ್ದದ ಕ್ಯಾಮೆರಾ ಲೆನ್ಸೊಂದನ್ನು ಸಮುದ್ರವಿಹಾರದ ಹಡಗಿಗೆ ಹೊತ್ತೊಯ್ಯುವ ಕರ್ಮ, ಸಂಬಂಧವು, ಹೊರಿಸಿದವರು ನಮ್ಮ ಅಳಿಯಂದಿರು, ಹೊತ್ತವರು ನಾವು, ಎಂಬುದು, ಎಡಭುಜದಲ್ಲಿ ಇನ್ನೂ ಕಿಂಚಿತ್ ಶಕ್ತಿಯುಳಿದಿರುವ ಯಾವನಾದರೂ ಇದಕ್ಕೆ ಅಧಿಕಾರಿಯೇ, ಪ್ರಯೋಜನವನ್ನು ಮಾತ್ರ ಐದು ದಿನ ಕಡಲ ಮೇಲೆ ಹುಡುಕಿಯೂ ಕಾಣದೆ, ಊರಿಗೆ ಮರಳಿ ಬಹುಕಾಲವಾದ ಮೇಲೆ ಕಂಡೆವಾದ್ದರಿಂದ, ಅದನ್ನು ಕಂಡ ಸ್ಥಳದಲ್ಲಿಯೇ ಹೇಳುವುದು ಉಚಿತವೆಂದು ತೋರುತ್ತದೆ.

ಮೊದಲು ನಾಮವಿಚಾರ. ಲೆನ್ಸಿಗೆ ಮಸೂರವೆಂದು ಕನ್ನಡದಲ್ಲಿ ಹೆಸರಿಟ್ಟ ಪಂಡಿತರು, ಲ್ಯಾಟಿನ್ ಭಾಷೆಯಲ್ಲಿಯೂ ಲೆನ್ಸ್ ಎಂದರೆ ಅದೇ ಚಪ್ಪಟೆ ಬೇಳೆಕಾಳೆಂಬುದನ್ನು ಬಲ್ಲವರು. ಎರಡು ಮಗ್ಗುಲೂ ಉಬ್ಬಿದ ಗಾಜಿನ ಬಿಲ್ಲೆಗೆ ಆ ಕಾಳಿನ ಹೋಲಿಕೆಯುಂಟಷ್ಟೆ. ಆದರೆ ತೊಗರಿಯನ್ನುಂಡು ಬೆಳೆದ ನಮ್ಮ ಬೀದರ ಸೀಮೆಯಲ್ಲಿ ಪರಬೇಳೆಯ ಹೆಸರು ಬೇರೂರಲಾರದೆ, ನಮ್ಮ ಓಣಿಯ ಹುಡುಗರು ಆ ವಸ್ತುವನ್ನು ‘ತೋಪು’ ಎಂದೇ ಕರೆಯುತ್ತಾರೆ. ಕೋಟೆಯ ಮುಂಡಾ ಬುರುಜಿನ ಮೇಲೆ ಮಲಗಿರುವ ಫಿರಂಗಿಯನ್ನು ನಿತ್ಯವೂ ಕಾಣುವವರಿಗೆ ಈ ಉಪಮೆ ಸಹಜವಾದದ್ದು, ಮತ್ತು ವಿಚಾರಿಸಿ ನೋಡಿದರೆ ಯಥಾರ್ಥವಾದದ್ದು: ಎರಡನ್ನೂ ಮೇಲೇರಿಸಲು ಪರರ ಬೆನ್ನು ಬೇಕು, ಎರಡರ ಬಾಯಿಯೂ ಸದಾ ದೂರಕ್ಕೇ ತೆರೆದಿರುತ್ತದೆ, ಎರಡೂ ಹಾರಿಸುವುದಕ್ಕಿಂತ ಹೆಚ್ಚಾಗಿ ಇರುವುದರಿಂದಲೇ ತಮ್ಮ ಕಾರ್ಯವನ್ನು ಸಾಧಿಸುತ್ತವೆ. ಪ್ರಕೃತ ತೋಪಿನ ಲಕ್ಷಣವಿದು: ಸಂಗಮದೂರ 600 ಮಿಲಿಮೀಟರು, ತೂಕ ಮೂರು ಕಿಲೋಗ್ರಾಮು, ನೋಟದ ಕೋನ ನಾಲ್ಕು ಡಿಗ್ರಿ, ಅರ್ಥಾತ್ ಕೈ ಚಾಚಿ ಹಿಡಿದ ಎರಡು ಹೆಬ್ಬೆರಳುಗಳ ಅಗಲದಷ್ಟು ಪ್ರಪಂಚ, ಬೆಲೆ ಹತ್ತು ಲಕ್ಷ ರೂಪಾಯಿಗೂ ಮಿಕ್ಕಿ. ಮೈಬಣ್ಣ ಬಿಳಿ. ಬಿಸಿಲಿಗೆ ಒಳಗಿನ ಗಾಜು ಕಾಯದಿರಲೆಂದು ಹೀಗೆ ಮಾಡುತ್ತಾರಂತೆ. ಸತುವಿನ ಮೈಯನ್ನು ಕೋಟೆಯ ಮಣ್ಣಿನಿಂದ ಕಪ್ಪುಗೊಳಿಸಿ ಬೆಳ್ಳಿಗೆರೆಯನ್ನು ಮೆರೆಸುವ ಬಿದರಿ ಕಸಬಿನ ಊರಿನವರಿಗೆ ಇದು ತಲೆಕೆಳಗಾದ ಕಲೆಯಾಗಿಯೇ ಕಾಣುತ್ತದೆ.

ಇಲ್ಲಿ ಪೂರ್ವಪಕ್ಷಿಯು ಎದ್ದು ನಿಂತು, ಬೀದರಿನವರಿಗೂ ಕಡಲಿಗೂ ಏನು ನಂಟು, ಎಂದು ಕೇಳುವನು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಊರು ಪಡುವಣ ಮೂಡಣ ಕಡಲುಗಳೆರಡರಿಂದಲೂ ನೂರಾರು ಕಿಲೋಮೀಟರು ದೂರದಲ್ಲಿ, ಸುಮಾರು 2,200 ಅಡಿ ಎತ್ತರದ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ಕುಳಿತಿದೆ. ಅಷ್ಟು ಎತ್ತರದಿಂದ ನೋಡುವವನಿಗೆ, ಅಡ್ಡವೇನೂ ಇಲ್ಲವೆಂದೇ ಇಟ್ಟುಕೊಂಡರೂ, ಭೂಮಿಯ ಗುಂಡುತನದ ದೆಸೆಯಿಂದ ದಿಗಂತವು ನೂರು ಕಿಲೋಮೀಟರಿನೊಳಗೇ ಮುಗಿದುಹೋಗುವುದಾಗಿ, ಯಾವ ಬುರುಜನ್ನೇರಿ ಯಾವ ತೋಪನ್ನು ಹೂಡಿದರೂ ಸಮುದ್ರದರ್ಶನವಾಗತಕ್ಕದ್ದಲ್ಲ. ನಮ್ಮಲ್ಲಿ ನೌಕೆಯೆಂದರೆ ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದಲ್ಲಿ ಮೀನು ಹಿಡಿಯುವವರ ತೆಪ್ಪ. ನೌಕಾಯಾನವೆಂದರೆ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರನ್ನು ಸೀಳಿಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು, ತಲೆಯ ಮೇಲೆ ಬಾವಲಿಗಳ ಚೀತ್ಕಾರವನ್ನು ಕೇಳುತ್ತ ದೇವರವರೆಗೆ ನಡೆದುಹೋಗುವುದು. ನಮ್ಮ ಜಿಲ್ಲೆಯದೇ ಆದ ಔರಾದಿನ ಮಾತಂತೂ ಹೇಳುವುದೇ ಬೇಡ. ಅಲ್ಲಿಗೆ ರೈಲೇ ಇನ್ನೂ ಮುಟ್ಟಿಲ್ಲ, ಹಡಗು ಮುಟ್ಟುವುದೆಲ್ಲಿಂದ?

ಈ ಆಕ್ಷೇಪಕ್ಕೆ ಇತಿಹಾಸವೇ ಉತ್ತರ. ಬೀದರಿನ ಭಾಗ್ಯವೆಲ್ಲ ಕಡಲು ದಾಟಿ ಭಾರ ಹೊತ್ತು ಬಂದವರಿಂದಲೇ ಬೆಳೆಯಿತು. ಬಹಮನಿ ರಾಜ್ಯದ ಮಹಾಮಂತ್ರಿ ಮಹಮೂದ ಗವಾನನು ಮೊದಲು ವರ್ತಕನಾಗಿ 1453ರಲ್ಲಿ ಗೀಲಾನಿನಿಂದ ಸಮುದ್ರಮಾರ್ಗವಾಗಿ ದಾಭೋಳಕ್ಕೆ ಬಂದಿಳಿದವನು. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಉಳಿದೊಂದು ಮೀನಾರು ಇಂದಿಗೂ ಊರಿನ ಗುರುತು. ಆ ಗವಾನನ ಕಾಲದಲ್ಲಿಯೇ ರಷ್ಯಾದೇಶದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್ ಎಂಬ ವರ್ತಕನು ಹಾರ್ಮುಜಿನಲ್ಲಿ ಹಡಗು ಹತ್ತಿ ಚೌಲಿನಲ್ಲಿ ಇಳಿದು ಬೀದರಿಗೆ ಬಂದನಷ್ಟೆ. ಅವನ ಜೊತೆಯಲ್ಲಿದ್ದ ಸಾಮಾನು ಯಾವುದೆಂದರೆ ನೂರು ರೂಬಲ್ಲಿನ ಒಂದು ಗಂಡುಕುದುರೆ! ವಾರಗಟ್ಟಲೆ ತೊಯ್ದಾಡುವ ಹಡಗಿನಲ್ಲಿ ಕುದುರೆಯನ್ನು ನಿಲ್ಲಿಸಿಕೊಂಡು ಬಂದವನ ಮುಂದೆ ಮೂರು ಕಿಲೋ ಗಾಜನ್ನು ತಂದವನ ಅಹಂಕಾರವೇನು ನಡೆದೀತು? ದಾರಿಯಲ್ಲಿ ಜುನ್ನರದ ಅಧಿಪತಿಯಾದ ಅಸದಖಾನನು ಆ ಕುದುರೆಯನ್ನು ಕಿತ್ತುಕೊಂಡು, ಮತಾಂತರವಾದರೆ ಕೊಡುವೆನೆಂದು ಒತ್ತಾಯಿಸಿದನೆಂತಲೂ, ಖುರಾಸಾನಿನ ಒಬ್ಬ ಸಜ್ಜನನು ನಡುವೆ ಬಂದು ಬಿಡಿಸಿಕೊಟ್ಟನೆಂತಲೂ, ನಿಕಿತಿನನು ಮೂರು ಕಡಲುಗಳಾಚೆಯ ಪ್ರಯಾಣವನ್ನು ಕುರಿತ ತನ್ನ ಬರೆಹದಲ್ಲಿ ತೋಡಿಕೊಂಡಿದ್ದಾನೆ. ಪ್ರಯಾಣಿಕನ ಭಾರವಾದ ಸಾಮಾನನ್ನು ದ್ವಾರದಲ್ಲಿ ತಡೆಯುವ ಅಧಿಕಾರಿವರ್ಗವು ಎಷ್ಟು ಪುರಾತನವಾದುದೆಂಬುದಕ್ಕೆ ಇದೇ ಪ್ರಮಾಣ. ಇದರ ಉತ್ತರಭಾಗವು ನಮ್ಮ ಅನುಭವದಲ್ಲಿ ಮುಂದೆ ಬರಲಿದೆ.

ಅಂದಿಗೂ ಇಂದಿಗೂ ನಡುವಣ ಒಂದು ಕೊಂಡಿಯನ್ನು ಬಿಡಲಾಗದು. ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿದ್ದ ರಾಜಾ ದೀನದಯಾಳರ (1844–1905) ಕಾಲದಲ್ಲಿ ಮರದ ಮುಕ್ಕಾಲಿ, ಗಾಜಿನ ಫಲಕಗಳು, ಕಪ್ಪು ಮುಸುಕು ಎಲ್ಲವೂ ಹೊರೆಯೇ ಆಗಿದ್ದುವು. ಅವರಿಗೆ ಹೊರಲು ಆಳುಗಳಿದ್ದರು. ನಮ್ಮ ಅಳಿಯಂದಿರಿಗೆ ಮಾವನಿದ್ದಾನೆ.

ಅಳಿಯಂದಿರದು ಭಾಲ್ಕಿಯಲ್ಲಿ ಒಂದು ಫೋಟೋ ಸ್ಟುಡಿಯೋ. ಪುಣೆಯಲ್ಲಿ ನೌಕರಿ ಹಿಡಿದ ಮೊಮ್ಮಗನು ತಂದೆತಾಯಿಗಳಿಗೂ ಅಜ್ಜನಿಗೂ ಸೇರಿಸಿ ಮುಂಬಯಿಯಿಂದ ಹೊರಡುವ ವಿಹಾರನೌಕೆಯ ಟಿಕೀಟು ತೆಗೆಸಿದನೆಂದು ತಿಳಿದ ದಿನವೇ ಅವರು ಹೈದರಾಬಾದಿಗೆ ಹೋಗಿ ಈ ತೋಪನ್ನು ದಿನಬಾಡಿಗೆಗೆ ತಂದರು. ಹೊನ್ನಿಕೇರಿಯ ಕೃಷ್ಣಮೃಗಕ್ಕಾಗಿ ತರಬಾರದಿತ್ತೆ ಎಂದರೆ, “ಮಾಮಾ, ಚಿಗರಿ ಎಲ್ಲಿ ಹೋಗ್ತದ್ರಿ? ಸಮುದ್ರ ಮತ್ತ ಸಿಗಲ್ಲ” ಎಂದು ಉತ್ತರ. ಸೂರ್ಯಕಿರಣ ವಿಮಾನಗಳ ಊರಿನಲ್ಲಿ, ವಾಯುಪಡೆಯ ನೆಲೆಯ ದಿಕ್ಕಿಗೆ ಇಂಥ ಕೊಳವೆಯನ್ನೆತ್ತಿದರೆ ಪೊಲೀಸು ಠಾಣೆಯ ದಾರಿ ಹಿಡಿಯಬೇಕಾಗುವುದೆಂಬ ಭಯವೂ ಅವರನ್ನು ಕಡಲಿನತ್ತ ಅಟ್ಟಿರಬಹುದು. ಬಾಡಿಗೆಯ ವಸ್ತುವಿನ ವಿಶೇಷ ಧರ್ಮವನ್ನು ಇಲ್ಲಿಯೇ ಗಮನಿಸತಕ್ಕದ್ದು: ಸ್ವಂತದ ವಸ್ತು ಸುಮ್ಮನಿದ್ದರೆ ವಿಶ್ರಾಂತಿ, ಬಾಡಿಗೆಯ ವಸ್ತು ಸುಮ್ಮನಿದ್ದರೆ ನಷ್ಟ. ಆದಕಾರಣ ಆ ಐದು ದಿನವೂ ಅವರು ನಿದ್ದೆಯಲ್ಲಿಯೂ ಬಡ್ಡಿ ಎಣಿಸುವವರಂತೆ ಮಗ್ಗುಲಾಗುತ್ತಿದ್ದರು.

ಬಾಡಿಗೆಯ ಮೊತ್ತವು ನಮ್ಮ ಮಗಳಿಗೆ ತಿಳಿಯಬಾರದಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಮಹತ್ಕಾರ್ಯವನ್ನು ಬಾಲ್ಯದಿಂದ ಕೇಳಿ ಬೆಳೆದ ಅಳಿಯಂದಿರು, ಆ ಉದಾತ್ತ ಯುಕ್ತಿಯನ್ನು ಅತ್ಯಂತ ಅನುದಾತ್ತ ಉದ್ದೇಶಕ್ಕೆ ಬಳಸಿಕೊಂಡು, ಚೀಲದ ಮೇಲ್ಭಾಗದಲ್ಲಿ ‘ರೊಟ್ಟಿ’ ಎಂದು ಚೀಟಿ ಹಚ್ಚಿ, ಕೆಳಗೆ ಲೆನ್ಸನ್ನಿಟ್ಟರು. ಚೀಟಿ ಸುಳ್ಳೂ ಆಗಿರಲಿಲ್ಲ. ಔರಾದಿನಲ್ಲಿರುವ ನಮ್ಮ ತಂಗಿ ಕಟ್ಟಿಕೊಟ್ಟ ಐವತ್ತು ಕಡಕ್ ರೊಟ್ಟಿಗಳು, ಶೇಂಗಾ ಹಿಂಡಿಯ ಗಂಟಿನೊಡನೆ, ಲೆನ್ಸಿನ ಸುತ್ತಲೂ ಪ್ರಾಕಾರದಂತೆ ನಿಂತಿದ್ದುವು. ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿಯು ಆಘಾತವನ್ನು ತಾನು ಮುರಿದು ತಡೆಯುವುದೆಂತಲೂ, ಒಣಗಿದ ಜೋಳವು ತೇವವನ್ನು ಹೀರುವುದೆಂತಲೂ ಅಳಿಯಂದಿರ ವಾದ. ಭಾಲ್ಕಿಯಲ್ಲಿ ರೈಲು ಹತ್ತಿ, ಉದಗೀರ ಲಾತೂರುಗಳನ್ನು ದಾಟಿ ಮುಂಬಯಿ ಮುಟ್ಟುವವರೆಗೆ ಆ ವಾದಕ್ಕೆ ಬಾಧೆ ಬರಲಿಲ್ಲ. ನಮ್ಮ ಭುಜಕ್ಕೆ ಬಂದಿತು.

ಬಂದರಿನ ಬಾಗಿಲಲ್ಲಿ ಚೀಲವು ಕ್ಷಕಿರಣದ ಯಂತ್ರದೊಳಗೆ ಹೋಗಿ ಹೊರಬರುತ್ತಲೇ, ಮೀಸೆಯ ಅಧಿಕಾರಿಯೊಬ್ಬರು ಅದನ್ನು ಪಕ್ಕಕ್ಕೆ ಕರೆದರು. ನಮಗೆ ಜುನ್ನರದ ಕುದುರೆ ನೆನಪಾಯಿತು. ಅವರು ಆ ಬಿಳಿಯ ಕೊಳವೆಯನ್ನು ಎತ್ತಿ, ತಿರುಗಿಸಿ, ಮುಚ್ಚಳ ತೆರೆದು, ತಮ್ಮ ಮೀಸೆಯ ಪ್ರತಿಬಿಂಬವನ್ನು ಒಮ್ಮೆ ನೋಡಿಕೊಂಡು, ಸಗೌರವವಾಗಿ ಹಿಂದಿರುಗಿಸಿ, ಹೊರಗಿನ ಆಹಾರಕ್ಕೆ ಹಡಗಿನಲ್ಲಿ ಅಪ್ಪಣೆಯಿಲ್ಲವೆಂದು ರೊಟ್ಟಿಗಳನ್ನು ತೆಗೆದಿಟ್ಟುಕೊಂಡರು. ಹತ್ತು ಲಕ್ಷದ ತೋಪಿಗೆ ದಾರಿ, ಹತ್ತು ರೂಪಾಯಿಯ ರೊಟ್ಟಿಗೆ ತಡೆ! ನಿಕಿತಿನನಿಗೆ ಕುದುರೆ ಮರಳಿ ದೊರೆಯಿತು. ನಮ್ಮ ಪಾಲಿಗೆ ಖುರಾಸಾನಿನ ಸಜ್ಜನನೊಬ್ಬನೂ ಒದಗಲಿಲ್ಲ.

ಇನ್ನು ಸಮುದ್ರ. ಶಾಸ್ತ್ರದೃಷ್ಟಿಯಿಂದ ಇಲ್ಲಿ ಹೇಳತಕ್ಕದ್ದು ಬಹಳವಿದ್ದರೂ ಕಾಣತಕ್ಕದ್ದು ಸ್ವಲ್ಪವೇ. ಹಡಗಿನ ಮೇಲಟ್ಟವು ನೀರಿನಿಂದ ಮೂವತ್ತು ಮೀಟರು ಎತ್ತರದಲ್ಲಿದ್ದರೆ ದಿಗಂತವು ಇಪ್ಪತ್ತು ಕಿಲೋಮೀಟರಿಗೇ ಮುಗಿಯುತ್ತದೆ. ಅರ್ಥಾತ್ ದೂರವನ್ನು ನೋಡಲೆಂದು ಬೀದರಿನಿಂದ ಹೋದವನು ಬೀದರಿನಲ್ಲಿದ್ದುದಕ್ಕಿಂತ ಸಮೀಪವನ್ನೇ ನೋಡಿ ಬರುತ್ತಾನೆ. ಆ ಇಪ್ಪತ್ತು ಕಿಲೋಮೀಟರಿನೊಳಗೂ ಇರುವುದು ನೀರು. ಅದನ್ನು ತೋಪಿನಿಂದ ನೋಡಿದರೆ ಸಮೀಪದ ನೀರು. ಮುಕ್ಕಾಲಿಯನ್ನು ಹೂಡಿದರೆ ಯಂತ್ರಾಗಾರದ ನಡುಕವು ಅದರ ಕಾಲುಗಳ ಮೂಲಕವೇ ಏರಿ ಲೆನ್ಸಿನ ತುದಿಯಲ್ಲಿ ನೂರ್ಮಡಿಯಾಗಿ ಕುಣಿಯುವುದರಿಂದ, ಕೈಯಲ್ಲೇ ಹಿಡಿದು ಸೆಕೆಂಡಿನ 2,000ದಲ್ಲೊಂದು ಭಾಗದಷ್ಟು ವೇಗದಲ್ಲಿ ಹೊಡೆಯಬೇಕು. ಮುಕ್ಕಾಲಿ ಆಮೇಲೆ ಒದ್ದೆ ಟವಲು ಹಾಕಲು ಒದಗಿತು. ಉಪ್ಪಿನ ತುಂತುರನ್ನು ಗಂಟೆಗೊಮ್ಮೆ ಒದ್ದೆಬಟ್ಟೆಯಿಂದ ಒರೆಸುವ ಸೇವೆ ನಮ್ಮದಾಗಿತ್ತು.

ಮೂರನೆಯ ದಿನ ಬೆಳಗಿನ ಜಾವ ಹೊರಗಿನಿಂದ ಗದ್ದಲ ಕೇಳಿಬಂತು. ಡಾಲ್ಫಿನ್ನುಗಳು! ಅಳಿಯಂದಿರು ಹಾಸಿಗೆಯಿಂದ ಜಿಗಿದು, ಇರುಳೆಲ್ಲ ತಂಪುಯಂತ್ರದ ಗಾಳಿಯಲ್ಲಿ ಮಂಜುಗಡ್ಡೆಯಂತೆ ತಣ್ಣಗಾಗಿದ್ದ ಲೆನ್ಸನ್ನು ಎತ್ತಿಕೊಂಡು ಹೊರಗೋಡಿ, ಕಣ್ಣಿಟ್ಟು ನೋಡಿದರೆ ಹಾಲು. ಹಿಂದಿನ ಗಾಜನ್ನು ಒರೆಸಿದರು, ಮುಂದಿನದನ್ನು ಒರೆಸಿದರು; ಒರೆಸಿದಷ್ಟೂ ಕಡಲ ಬೆಚ್ಚನೆಯ ತೇವವು ತಣ್ಣನೆಯ ಗಾಜಿನ ಮೇಲೆ ಬಂದು ಕೂತಿತು. ಝರಣಿ ನರಸಿಂಹನ ಗುಹೆ ಹೊಕ್ಕ ಕನ್ನಡಕಧಾರಿಗಳೆಲ್ಲರೂ ಬಲ್ಲ ಸಂಗತಿಯಿದು; ಅಲ್ಲಿ ನಾವು ಕನ್ನಡಕವನ್ನು ತೆಗೆದು ಕಿಸೆಯಲ್ಲಿಟ್ಟು, ಮುಂದಿನವರ ಹೆಗಲನ್ನು ಹಿಡಿದು ನಡೆಯುತ್ತೇವೆ. ಲೆನ್ಸನ್ನು ಚೀಲದಲ್ಲಿಯೇ ಬಿಗಿದು ಅರ್ಧ ಗಂಟೆ ಮೊದಲೇ ಹೊರಗಿಟ್ಟರೆ ಮಂಜು ಕೂಡುವುದಿಲ್ಲವೆಂಬುದು ಸಿದ್ಧಾಂತ. ಆದರೆ ಡಾಲ್ಫಿನ್ನುಗಳು ಅರ್ಧ ಗಂಟೆ ಮೊದಲು ತಿಳಿಸಿ ಬರುವುದಿಲ್ಲವೆಂಬುದು ಅಪವಾದ. ಗಾಜು ತಿಳಿಯಾಗುವಷ್ಟರಲ್ಲಿ ಕಡಲೂ ತಿಳಿಯಾಗಿತ್ತು. ಪಕ್ಕದಲ್ಲಿ ನಿಂತಿದ್ದ ಚಡ್ಡಿಯ ಹುಡುಗನೊಬ್ಬನು ತನ್ನ ತಾಯಿಯ ಮೊಬೈಲಿನಲ್ಲಿ ಏಳು ಡಾಲ್ಫಿನ್ನುಗಳನ್ನು ಹಿಡಿದುದನ್ನು ಅಳಿಯಂದಿರಿಗೆ ತೋರಿಸಿ, “ಅಂಕಲ್, ನಿಮ್ಮದು ತೋರಿಸಿ” ಎಂದು ಕೇಳಿದ್ದನ್ನು ಈ ಪ್ರಬಂಧದಲ್ಲಿ ಸೇರಿಸದಿರಲು ಅಳಿಯಂದಿರು ನಮ್ಮಿಂದ ಮಾತು ಪಡೆದಿದ್ದರು.

ಕೊನೆಯ ಸಂಜೆ ನಮ್ಮ ಮಗಳ ತಾಳ್ಮೆಯ ಕಟ್ಟೆಯೊಡೆಯಿತು.

“ಏನ್ರಿ, ಐದು ದಿನದಿಂದ ಬರೀ ನೀರಿಂದೇ ಫೋಟೋ ತೆಗಿಲತ್ತೀರಿ. ನಂದು ಒಂದರೆ ತೆಗೀರಿ!”

ಚಿಕ್ಕ ಲೆನ್ಸನ್ನು ಭಾರವಾದೀತೆಂದು ಭಾಲ್ಕಿಯಲ್ಲಿಯೇ ಬಿಟ್ಟುಬಂದಿದ್ದರು. ಮೊಬೈಲಿನಿಂದ ತೆಗೆಯುವುದು ವೃತ್ತಿಧರ್ಮಕ್ಕೆ ಕುಂದು. 600 ಮಿಲಿಮೀಟರಿನ ಲೆನ್ಸಿಗೆ ನಿಂತ ಮನುಷ್ಯಾಕೃತಿಯೊಂದು ಅಡಿಯಿಂದ ಮುಡಿಯವರೆಗೆ ಅಡ್ಡ ಚೌಕಟ್ಟಿನಲ್ಲಿ ಹಿಡಿಯಬೇಕಾದರೆ ನಲವತ್ತು ಮೀಟರು ಹಿಂದೆ ಸರಿಯಬೇಕು. ಮೇಲಟ್ಟದಲ್ಲಿ ಅಷ್ಟು ಜಾಗವೇನೋ ಉಂಟು, ಆದರೆ ನಡುವೆ ಇಡೀ ಮುಂಬಯಿ ಐಸ್‌ಕ್ರೀಮು ಹಿಡಿದು ಓಡಾಡುತ್ತಿತ್ತು. ಕಟ್ಟಕಡೆಗೆ ನಮ್ಮ ಮಗಳು ಕೋಣೆಯ ಬಾಲ್ಕನಿಯ ಕಂಬಿಗೆ ಒರಗಿ ನಿಂತಳು. ಅಳಿಯಂದಿರು ಹಾಸಿಗೆ ದಾಟಿ, ಬಚ್ಚಲ ಬಾಗಿಲು ದಾಟಿ, ಹೊರಬಾಗಿಲಿಗೆ ಬೆನ್ನು ಹಚ್ಚಿದರು. ಲೆನ್ಸು ಕಣ್ಣು ಕೂಡಿಸಲು ಬೇಕಾದ ಕನಿಷ್ಠ ದೂರ ನಾಲ್ಕೂವರೆ ಮೀಟರು. ಅಲ್ಲಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಅಷ್ಟು ಹತ್ತಿರದಲ್ಲಿ ಅದರ ಚೌಕಟ್ಟಿಗೆ ಹಿಡಿಯುವ ಪ್ರಪಂಚವು ಒಂದು ಜೋಳದ ರೊಟ್ಟಿಯ ಅಗಲದ್ದು. ಆ ರೊಟ್ಟಿಯೊಳಗೆ ಒಂದು ಕಿವಿ, ಮುಂಗುರುಳ ನಾಲ್ಕು ಎಳೆ, ಕೆನ್ನೆಯ ಅಂಚು, ಮತ್ತು ಮದುವೆಯಲ್ಲಿ ನಾವು ಹಾಕಿದ್ದ ಝುಮಕಿ ಬಂದುವು. ಝುಮಕಿಯ ಪ್ರತಿಯೊಂದು ಗುಂಡೂ ಎಣಿಸುವಂತಿತ್ತು. ಹಿಂದಿದ್ದ ಅರಬ್ಬೀ ಸಮುದ್ರವು ಸಮೂಲವಾಗಿ ಕರಗಿ ಬರಿಯ ನೀಲಿಯಾಗಿ ಹೋಗಿತ್ತು.

ಯಾತ್ರೆಯಲ್ಲಿ ಗೆದ್ದದ್ದು ಆ ಚಿತ್ರವೊಂದೇ. ಅದನ್ನು ಮೂರಡಿ ಉದ್ದಕ್ಕೆ ಹಿಗ್ಗಿಸಿ ಭಾಲ್ಕಿಯ ಅಂಗಡಿಯ ಗೋಡೆಗೆ ಹಾಕಿದ್ದಾರೆ. ಕಳೆದ ತಿಂಗಳು ನಾವು ಅಲ್ಲಿ ಕುಳಿತಿದ್ದಾಗ ಔರಾದಿನ ಕಡೆಯ ಮದುವೆಯವರು ಬಂದರು. ಹೆಂಗಸರು ಝುಮಕಿಯನ್ನು ನೋಡಿ ಪತ್ತಾರ ಯಾರೆಂದು ಕೇಳಿದರು. ಅಳಿಯಂದಿರು ಆ ಪ್ರಶ್ನೆಗೆ ಉತ್ತರ ಕೊಟ್ಟು, ಕಡಲಿನ ಕಥೆಯನ್ನು ತೊಡಗಬೇಕೆಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಿರಿಯರೊಬ್ಬರು ಚಿತ್ರದ ಹತ್ತಿರ ಹೋಗಿ, ನೀಲಿಯ ಮೇಲೆ ಬೆರಳಾಡಿಸಿ ಹೇಳಿದರು:

“ಹಿಂದಿನ ಪಡದಾ ಭಾಳ ಚಲೋ ಅದರಿ. ನಮ್ಮ ಹುಡುಗಿಗೂ ಇದೇ ಹಾಕ್ರಿ.”

ಅಳಿಯಂದಿರು ಮರುದಿನವೇ ಬೀದರಿಗೆ ಬಂದು, ನಮ್ಮನ್ನು ಜೊತೆಗೆ ಕರೆದುಕೊಂಡು ಬಟ್ಟೆಯ ಅಂಗಡಿಗೆ ಹೋಗಿ, ಏಳು ಮೀಟರು ನೀಲಿ ಬಟ್ಟೆಯನ್ನು ಕೊಂಡರು. ಗಂಟನ್ನು ಬಸ್ ನಿಲ್ದಾಣದವರೆಗೆ ಹೊತ್ತವರು ನಾವು.