ಗ್ರಾಮಮೌನ ಮೀಮಾಂಸೆ

ರಜೆಗೆಂದು ಹಳ್ಳಿ ಹುಡುಕುವವರು ಮೊದಲು ಕೇಳುವುದು ನಿಶ್ಶಬ್ದ. ಅದಕ್ಕೆ ಸರ್ಕಾರವೇ ಒಂದು ಲಕ್ಷಣ ಬರೆದಿಟ್ಟಿದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲು 50, ರಾತ್ರಿ 40 ಡೆಸಿಬೆಲ್ ಮೀರಬಾರದು. ಈ ಲಕ್ಷಣವನ್ನೇ ಹಿಡಿದರೆ ವಿಶ್ರಾಂತಿಗೆ ಜಿಲ್ಲಾಸ್ಪತ್ರೆಗಿಂತ ಪ್ರಶಸ್ತ ತಾಣ ಇನ್ನೊಂದಿಲ್ಲ. ಅದು ಅನುಭವವಿರುದ್ಧ. ಆದ್ದರಿಂದ ಕರ್ನಾಟಕದ ಗ್ರಾಮಗಳನ್ನು ಶಬ್ದಭೇದದ ಮೇಲೆ ಹೀಗೆ ವಿಂಗಡಿಸಬೇಕಾಗಿದೆ.

ಒಂದು: ಕೀಟಪ್ರಧಾನ. ಆಗುಂಬೆ, ಶಿರಸಿ, ಸಕಲೇಶಪುರದ ಕಾಡಂಚಿನ ಊರುಗಳು ಈ ವರ್ಗ. ಇಲ್ಲಿನ ಅಧಿದೇವತೆ ಜೀರುಂಡೆ. ಗಂಡು ಜೀರುಂಡೆ ಹೊಟ್ಟೆಯ ಪಕ್ಕದ ಪೊರೆಗಳನ್ನು ಕಂಪಿಸುತ್ತ ಹೆಣ್ಣನ್ನು ಕರೆಯುತ್ತದೆ. ಕೆಲವು ಜಾತಿಗಳ ಕರೆ 90 ಡೆಸಿಬೆಲ್ ದಾಟುತ್ತದೆ. ಮಳೆ ಹಿಡಿದರೆ ಜೀರುಂಡೆಯ ಪಾಳಿ ಮುಗಿದು ಕಪ್ಪೆಯ ಪಾಳಿ ಶುರು.

ಎರಡು: ಪಕ್ಷಿಪ್ರಧಾನ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದಕ್ಕೆ ಪ್ರಮಾಣ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ದೊಡ್ಡವು ಮಿತಭಾಷಿಗಳು, ಮೀನಿಗಾಗಿ ರಂಪ ಮಾಡುವವು ಮರಿಗಳು. ಕೆಳಗೆ ಬಿದ್ದ ಹಿಕ್ಕೆ ಊರವರಿಗೆ ಗೊಬ್ಬರ, ಅತಿಥಿಗೆ ಅಂಗಿಯ ಮೇಲಿನ ಅಲಂಕಾರ.

ಮೂರು: ಯಂತ್ರಪ್ರಧಾನ. ಇದು ಬೆಳೆಗೆ ತಕ್ಕಂತೆ ಮತ್ತೆ ಮೂರು ಬಗೆ.

(ಅ) ಕಬ್ಬು. ಬೆಳಗಾವಿ, ಬಾಗಲಕೋಟೆಗಳಲ್ಲಿ ಕಾರ್ಖಾನೆ ಶುರುವಾದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ನಡುರಾತ್ರಿಯೂ ಹಾಡು ಹಚ್ಚಿಕೊಂಡೇ ಸಾಗುತ್ತವೆ. ಮೊದಲು ಟ್ರೇಲರ್‌ಗಳ ದಡಬಡ, ಆಮೇಲೆ ಜಾನಪದ ಗೀತೆ, ಕಡೆಗೆ ಇಂಜಿನ್ನು. ಎಲ್ಲ ದೂರವಾಯಿತು ಅನ್ನುವಷ್ಟರಲ್ಲಿ ಮುಂದಿನದು.

(ಆ) ಅಡಿಕೆ. ಮಳೆಗಾಲದಲ್ಲಿ ಕಳೆ ಕತ್ತರಿಸುವ ಯಂತ್ರ, ಕೊಯ್ಲಿನಲ್ಲಿ ಸುಲಿಯುವ ಯಂತ್ರ.

(ಇ) ಕಾಫಿ. ಹಣ್ಣು ಕೊಯ್ದಾಗ ಸಿಪ್ಪೆ ಬಿಡಿಸುವ ಪಲ್ಪರ್. ರೊಬಸ್ಟಾ ಹೂ ಬಿಡಲೆಂದು ನೀರು ಹಾಯಿಸುವಾಗ ಸ್ಪ್ರಿಂಕ್ಲರ್ ಪಂಪು. ಆನೆ ಬಂದರೆ ಪಟಾಕಿ.

ನಾಲ್ಕು: ಭಕ್ತಿಪ್ರಧಾನ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಸಲ್ಲದೆಂದು ಮೇಲೆ ಹೇಳಿದ ನಿಯಮವೇ ಹೇಳುತ್ತದೆ. ಧನುರ್ಮಾಸದ ನಸುಕಿನ ನಾಲ್ಕೂವರೆಗೆ ಗುಡಿಯ ಮೈಕು ಅದಕ್ಕೆ ಬೇರೆ ಭಾಷ್ಯ ಬರೆಯುತ್ತದೆ. ಬೇಸಿಗೆಯ ಜಾತ್ರೆಗಳು ಆ ಭಾಷ್ಯಕ್ಕೆ ಟಿಪ್ಪಣಿ.

ಇಲ್ಲಿ ಪೂರ್ವಪಕ್ಷ: ಐದನೆಯದಾಗಿ ಶೂನ್ಯಪ್ರಧಾನವೆಂಬ ವರ್ಗ ಇಲ್ಲವೆ? ಮಲೆನಾಡಿನ ಎಷ್ಟೋ ಎಂಟು ಅಂಕಣದ ಮನೆಗಳಲ್ಲಿ ಈಗ ಇರುವುದು ಅಜ್ಜ, ಅಜ್ಜಿ, ಒಂದು ಗೋಡೆ ಗಡಿಯಾರ. ಅದಕ್ಕಿಂತ ಮೌನ ಬೇಕೆ? ಉತ್ತರ: ಆ ಮೌನಕ್ಕೆ ಕಾರಣ ನಾವು ಊರು ಬಿಟ್ಟು ಬೆಂಗಳೂರು ಸೇರಿದ್ದು. ಅದನ್ನು ಅನುಭವಿಸಲೆಂದು ನಾವೇ ಮಕ್ಕಳು, ಬ್ಲೂಟೂತ್ ಸ್ಪೀಕರ್ ಸಮೇತ ಹೋಗಿ ಇಳಿದೊಡನೆ ಕಾರಣ ನಾಶ. ಕಾರಣ ನಾಶವಾದರೆ ಕಾರ್ಯವೂ ನಾಶ. ಈ ವರ್ಗ ನಾವಿಲ್ಲದಾಗ ಮಾತ್ರ ಸಿದ್ಧವಾದ್ದರಿಂದ ಪ್ರಯಾಣಿಕರಿಗೆ ನಿರುಪಯೋಗಿ.

ಸಿದ್ಧಾಂತ: ಮೌನ ಸ್ಥಳದ ಗುಣವಲ್ಲ, ಕಾಲದ ಗುಣ. ಹಳ್ಳಿಯ ಸದ್ದೆಂದರೆ ಬಹುಪಾಲು ಹಳ್ಳಿಯ ದುಡಿಮೆ ಇಲ್ಲವೇ ಹಬ್ಬ. ಆದ್ದರಿಂದ ಹೋಮ್‌ಸ್ಟೇ ಮಾಲೀಕರಿಗೆ ಫೋನು ಮಾಡಿದಾಗ ‘ಅಲ್ಲಿ ಏನೇನು ನೋಡಬಹುದು’ ಎನ್ನದೆ ‘ಏನು ಬೆಳೆ, ಕೊಯ್ಲು ಯಾವಾಗ, ಜಾತ್ರೆ ಎಂದು’ ಎಂದು ಕೇಳಬೇಕು.

ಈ ಮೂರೂ ಪರೀಕ್ಷೆಗಳಲ್ಲಿ ಉತ್ತೀರ್ಣವಾಗುವುದು ತುಮಕೂರು, ಹಾಸನದ ಕಡೆಯ ರಾಗಿ ಸೀಮೆ, ಅದೂ ಪಿತೃಪಕ್ಷದಲ್ಲಿ. ನೋಡಲು ಜಲಪಾತವಿಲ್ಲದ್ದರಿಂದ ಜನಸಂದಣಿಯಿಲ್ಲ. ಗಣೇಶನನ್ನು ನೀರಿಗೆ ಬಿಟ್ಟಾಗಿದೆ, ದಸರಾ ಇನ್ನೂ ಬಂದಿಲ್ಲ, ಮದುವೆಗೆ ಮುಹೂರ್ತವಿಲ್ಲ, ರಾಗಿ ಹೊಲದಲ್ಲೇ ನಿಂತಿದೆ. ಆ ಹದಿನೈದು ದಿನ ಊರಿಗೆ ಬರುವ ನೆಂಟರೆಂದರೆ ಪಿತೃಗಳು. ಎಡೆ ಇಟ್ಟರೆ ಸಾಕು, ಸ್ಪೀಕರ್ ಕೇಳುವವರಲ್ಲ.