ಕೂರೋರು, ಕೋರೋರು

‘ಏನಣ್ಣಾ, ಕ್ಯಾಮೆರಾ ಹಿಂದಿರೋ ಬದ್ಲು ಮುಂದೆ ಕೂತು ಬೆವರ್ತಿದೀರ?’ ಟೀ ಇಡುತ್ತಾ ಕೇಳಿದ ಸೀನ.

‘ನನ್ನ ಫೋಟೊ ನಾನೇ ತೆಕ್ಕೋಬೇಕಲ್ಲೋ’ ಸ್ಟುಡಿಯೊ ನಂಜಣ್ಣ ಮುಖ ಒರೆಸಿಕೊಂಡ. ‘ಊರಿಗೆಲ್ಲ ಸ್ಮೈಲ್ ಪ್ಲೀಸ್ ಅಂದೋನು ನಾನು. ನಂಗೇ ಹೇಳ್ಕೊಂಡ್ರೆ ತುಟಿ ಅಲುಗ್ತಿಲ್ಲ!’

‘ಏನಕ್ಕೆ ಫೋಟೊ?’

‘ಫ್ಲೆಕ್ಸಿಗೆ. ಸಾಹೇಬ್ರು ಬಸ್ ಸ್ಟಾಪಿನ ಬೆಂಚು ಉದ್ಘಾಟಿಸ್ತಾರೆ. ಶುಭ ಕೋರೋರಲ್ಲಿ ನಾನೂ ಇರ್ಬೇಕಂತೆ.’

‘ಬೆಂಚಲ್ಲಿ ಕೂರೋರು ಎಷ್ಟು ಜನ?’

‘ಮೂವರು.’

‘ಕೋರೋರು?’

‘ನಲವತ್ತೆರಡು.’

‘ಅಲ್ಲಣ್ಣ, 2018ರಲ್ಲೇ ಹೈಕೋರ್ಟು ಬೆಂಗಳೂರಿನ ಫ್ಲೆಕ್ಸ್ ಎಲ್ಲ ತೆಗೀರಿ ಅಂದಿತ್ತಲ್ಲ?’

‘ತೆಗೆದಿದ್ದಕ್ಕೇ ಜಾಗ ಖಾಲಿ ಆಗಿದ್ದು ಕಣೋ!’

‘ಹೋಗ್ಲಿ, ಕಣ್ಮುಚ್ಕೊಂಡು ಕ್ಲಿಕ್ ಮಾಡಿ.’

‘1840ರಲ್ಲೇ ಫ್ರಾನ್ಸಿನ ಫೋಟೊಗ್ರಾಫರ್ ಬಯಾರ್ ಹಂಗೆ ಮಾಡಿದ್ದ. ಫೋಟೊ ತೆಗೆಯೋ ವಿಧಾನ ಕಂಡುಹಿಡಿದಿದ್ದಕ್ಕೆ ಸರ್ಕಾರ ಡಾಗೇರ್‌ಗೆ ಮಣೆ ಹಾಕ್ತು, ತನ್ನನ್ನ ಕೇಳ್ಲಿಲ್ಲ ಅಂತ ಸಿಟ್ಟಾಗಿ, ನೀರಲ್ಲಿ ಮುಳುಗಿ ಸತ್ತೋನ ಥರ ಕಣ್ಮುಚ್ಚಿ ತನ್ನ ಫೋಟೊ ತೆಕ್ಕೊಂಡ.’

‘ಬೇಡಣ್ಣ. ಶ್ರದ್ಧಾಂಜಲಿ ಅಂದ್ಕೊಂಡು ಸಾಹೇಬ್ರು ಹಾರ ಹಾಕ್ಬಿಟ್ರೆ?’

‘ಅಮೆರಿಕದ ಫೋಟೊಗ್ರಾಫರ್ ವಿವಿಯನ್ ಮೇಯರ್ ಎಷ್ಟೋ ಸಲ ತನ್ನ ನೆರಳನ್ನೇ ತೆಗೆದ್ಲು. ನಾನೂ ನೆರಳು ಕೊಡ್ಲಾ?’

‘ಬಸ್ ಸ್ಟಾಪಿಗೆ ಕೊಡಿ, ಪುಣ್ಯ ಬರುತ್ತೆ. ಅಲ್ಲಿ ಚಾವಣಿನೇ ಇಲ್ಲ.’

‘ಅದಕ್ಕೆ ಮುಂದಿನ ವರ್ಷ ಬೇರೆ ಉದ್ಘಾಟನೆ, ಬೇರೆ ಫ್ಲೆಕ್ಸು.’

ಅಷ್ಟರಲ್ಲಿ ಫೋನ್ ಬಂತು. ‘ಹೂಂ ಸಾರ್... ಆಯ್ತು ಸಾರ್...’ ನಂಜಣ್ಣನ ಮುಖದಲ್ಲಿ ನಗು ಅರಳಿತು.

‘ಹಾಗೇ ಇರಿ, ಅಲ್ಲಾಡ್ಬೇಡಿ!’ ಸೀನ ಕ್ಯಾಮೆರಾ ಕಡೆ ಹಾರಿದ.

‘ಬೇಡ ಬಿಡೋ. ಸಾಹೇಬ್ರ ಮೀಸೆಗೇ ಜಾಗ ಸಾಲ್ತಿಲ್ವಂತೆ, ನನ್ನ ಫೋಟೊ ಕ್ಯಾನ್ಸಲ್.’

‘ಬಚಾವ್! ಮತ್ತೆ ಫ್ಲೆಕ್ಸಿಗೆ ಕೊಟ್ಟಿರೋ ದುಡ್ಡು?’

ನಂಜಣ್ಣನ ನಗು ಮಾಯ. ‘ಅದಕ್ಕೆ ಜಾಗ ಇದ್ಯಂತೆ.’