ಕ್ರೋಶಾ ಕಡ್ಡಿಯ ಕದಂಬ ಮೂಲ

ಕ್ರೋಶಾ ಯುರೋಪಿನ ವಿದ್ಯೆಯೆಂದು ಪಂಡಿತರು ನಂಬಿಕೊಂಡಿರುವುದಕ್ಕೆ ಕಾರಣ ಒಂದೇ: ಅಕ್ಕಿಆಲೂರಿನಲ್ಲಿ ಹೊಸದಾಗಿ ಕಡ್ಡಿ ಹಿಡಿದವರ ಮೊದಲ ಕರವಸ್ತ್ರವನ್ನು ಅವರಾರೂ ಹರವಿ ನೋಡಿಲ್ಲ. ಅದು ಚೌಕವಾಗಿ ಶುರುವಾಗುತ್ತದೆ, ಚೌಕವಾಗಿ ಮುಗಿಯುವುದಿಲ್ಲ. ಮೊದಲು ಜಾರುಗಂಟು, ಅದರೊಳಗಿಂದ ದಾರ ಎಳೆದೆಳೆದು ಮೂವತ್ತು ಸರಪಳಿ. ಆಮೇಲೆ ಕಂಬ: ಕಡ್ಡಿಗೆ ಒಂದು ಸುತ್ತು ದಾರ ಹಾಕಿ, ಕೆಳಗಿನ ಮನೆಗೆ ತೂರಿಸಿ ಎಳೆದರೆ ಮೂರು ಕುಣಿಕೆ, ಎರಡೆರಡರಂತೆ ಎರಡು ಸಲ ಬಿಡಿಸಿದರೆ ಉಳಿಯುವುದು ಒಂದು. ಸಾಲು ತಿರುಗುವಾಗ ಮೂರು ಸರಪಳಿ ಏರಿ, ಅದನ್ನೇ ಒಂದು ಕಂಬವೆಂದು ಲೆಕ್ಕ ಹಿಡಿಯಬೇಕು. ಕಲಿಯುವವರು ಇದನ್ನು ಮಾತ್ರ ಒಪ್ಪುವುದಿಲ್ಲ. ಮುಂದಿನ ಸಾಲಿನ ಕೊನೆಗೆ ಅದರ ತಲೆಯ ಮೇಲೆ ಬರಬೇಕಾದ ಕಂಬ ಬಿಟ್ಟುಹೋಗುತ್ತದೆ. ಸಾಲಿಗೊಂದು ಕಂಬ ಕಳೆದುಕೊಳ್ಳುತ್ತ ಕರವಸ್ತ್ರ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತದೆ. ಹಾಗೆ ಕಿರಿದಾಗುವ ಇನ್ನೊಂದು ವಸ್ತು ಕದಂಬ ಶಿಖರ. ಶಾಸನಗಳ ಪಾನುಂಗಲ್ಲು, ಅಂದರೆ ಪಕ್ಕದ ಹಾನಗಲ್ಲು, ಕದಂಬರು ಆಳಿದ ಊರು. ಇಷ್ಟಾದ ಮೇಲೂ ಮೂಲ ಹುಡುಕಿಕೊಂಡು ಪ್ಯಾರಿಸ್ಸಿಗೆ ಹೋಗುವವರು ತಮ್ಮ ಖರ್ಚಿನಲ್ಲಿ ಹೋಗಲಿ.

ಭಾಷೆಯ ಸಾಕ್ಷಿಯೂ ಇದೆ. ಇದೇ ಕಂಬವನ್ನು ಬ್ರಿಟನ್ನಿನವರು ಟ್ರೆಬಲ್ ಎಂದರೆ ಅಮೆರಿಕದವರು ಡಬಲ್ ಎನ್ನುತ್ತಾರೆ. ಸ್ವಂತ ಆಸ್ತಿಯಾಗಿದ್ದರೆ ಹೆಸರಿಗೆ ಹೀಗೆ ತಕರಾರು ಬರುತ್ತಿತ್ತೆ? ಮರಾಠಿಯವರೂ ನಮ್ಮ ಹಾಗೆ ಖಾಂಬ ಎಂದೇ ಅನ್ನುತ್ತಾರೆ, ಗಿಡ್ಡದ್ದಕ್ಕೆ ಮುಕಾ ಖಾಂಬ, ಅಂದರೆ ಮೂಕ ಕಂಬ. ಕಂಬವಿದ್ದ ಮೇಲೆ ಮಂಟಪ ಬೇಕಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಮಂಟಪದಲ್ಲಿ ಕತ್ತೆತ್ತಿದರೆ ಎಂಟು ಮೂಲೆಯ ಛತ್ತು ಸುತ್ತಿನೊಳಗೆ ಸುತ್ತಾಗಿ ನಡುವಿನ ಕಮಲಕ್ಕೆ ಸೇರುತ್ತದೆ, ಥೇಟು ಟೀಪಾಯಿಯ ಮೇಲಿನ ಹಾಸು. ದುಂಡು ಹಾಸು ಮಟ್ಟಸವಾಗಿ ಕೂರಬೇಕಾದರೆ ಸುತ್ತಿಗೆ ಹನ್ನೆರಡು ಕಂಬ ಹೆಚ್ಚಿಸಬೇಕು, ಕಡಿಮೆಯಾದರೆ ಟೋಪಿಯಾಗುತ್ತದೆ. ಛತ್ತು ಟೋಪಿಯಾಗಿದೆ, ಮೂಲೆ ಎಂಟಿವೆ. ಶಿಲ್ಪಿ ಎಂಟೆಂಟೇ ಹೆಚ್ಚಿಸಿದ್ದಾನೆ ಎಂದು ಬೇರೆ ಹೇಳಬೇಕೆ? ಹೆಚ್ಚಾದರೆ ನೆರಿಗೆ ಬೀಳುತ್ತದೆ. 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ ಆ ನೆರಿಗೆಯಲ್ಲೇ ಹೈಪರ್ಬೋಲಿಕ್ ಜ್ಯಾಮಿತಿಯನ್ನು ಹೆಣೆದು ತೋರಿಸಿದರು. ನಮ್ಮಲ್ಲಿ ಅದೇ ನೆರಿಗೆ ಕಂಡರೆ "ಬಿಚ್ಚಿ ಮತ್ತ ಹಾಕವ್ವಾ" ಎನ್ನುತ್ತಾರೆ.

ಆಕ್ಷೇಪಗಳಿಲ್ಲದಿಲ್ಲ. ಕ್ರೋಶೆ ಎಂದರೆ ಫ್ರೆಂಚಿನಲ್ಲಿ ಪುಟ್ಟ ಕೊಕ್ಕೆ, ಹೆಸರೇ ಅಲ್ಲಿಯದು ಎನ್ನುತ್ತಾರೆ. ಹೆಸರು ಮೂಲವನ್ನು ಹೇಳುವುದಾದರೆ ಸವಣೂರಿನ ದೊಡ್ಡಹುಣಸೆ ಹುಣಸೆಯ ಅಣ್ಣನಾಗಬೇಕಿತ್ತು. ಅದು ಆಫ್ರಿಕದ ಬಾವೊಬಾಬ್. ಎರಡನೆಯದು ತುಸು ಗಟ್ಟಿ. ಕ್ರೋಶಾ ಮಾದರಿಗಳು ಮೊದಲು ಅಚ್ಚಾದದ್ದು 1823ರಲ್ಲಿ, ಪೆನೆಲೋಪೆ ಎಂಬ ಡಚ್ ಪತ್ರಿಕೆಯಲ್ಲಿ. ಗುಡಿ 12ನೇ ಶತಮಾನದ್ದು. ನಡುವಿನ ಆರುನೂರು ಚಿಲ್ಲರೆ ವರ್ಷಗಳ ಒಂದು ತುಣುಕಾದರೂ ಸಿಗಬೇಡವೆ? ಸಿಗಬಾರದು. ಕಸೂತಿಗೆ ಗಂಟಿಲ್ಲದಿದ್ದರೂ ಬಟ್ಟೆಯ ಆಸರೆಯಿದೆ; ಕ್ರೋಶಾ ನಿಂತಿರುವುದು ಕೊನೆಯ ಒಂದೇ ಕುಣಿಕೆಯ ಮೇಲೆ. ಅದನ್ನು ಬಿಗಿಯದೆ ಬಿಟ್ಟು, ಮನೆಯ ಕೂಸು ದಾರದ ತುದಿ ಎಳೆಯಿತೆಂದರೆ ಮೂರು ತಿಂಗಳ ಬಾಗಿಲ ತೋರಣ ಮೂರು ನಿಮಿಷದಲ್ಲಿ ಉಂಡೆಯಾಗುತ್ತದೆ. ಕದಂಬರ ಮನೆಗಳಲ್ಲೂ ಕೂಸುಗಳಿದ್ದವು. ಒಂದೂ ತುಣುಕು ಸಿಕ್ಕಿಲ್ಲ ಎಂಬುದೇ ಕ್ರೋಶಾ ಇಲ್ಲಿತ್ತು ಎಂಬುದಕ್ಕೆ ಬಲವಾದ ಆಧಾರ. ಕೈ ಪಳಗಿದವರ ಕರವಸ್ತ್ರ ಚೌಕವಾಗಿಯೇ ಬರುತ್ತದಲ್ಲ ಎಂದು ಕೇಳಿದರೆ, ಅವರು ಪರಂಪರೆ ಬಿಟ್ಟಿದ್ದಾರೆ ಎಂದಷ್ಟೇ ಹೇಳಬಹುದು.

ಹಾನಗಲ್ಲಿಗೆ ಹೋಗುವ ಓದುಗರು ಆ ಛತ್ತಿನ ಸುತ್ತುಗಳನ್ನು ಎಣಿಸಿ ತಿಳಿಸಬೇಕಾಗಿ ವಿನಂತಿ. ಎಣಿಸುತ್ತಿರುವವರನ್ನು ನಡುವೆ ಯಾರೂ ಮಾತಾಡಿಸಬಾರದು.